ಮಳೆಯಲ್ಲಿ ಹೆಲ್ಮೆಟ್ ವೈಸರ್ ಮತ್ತು ಕಾರಿನ ಮುಂಗಾಜು ತಿಳಿಯಾಗಿರಲು ಏನು ಮಾಡಬೇಕು?

ಪ್ರಶ್ನೆ: ಮಳೆದಾರಿ

ಎಲ್ಲರಿಗೂ ನಮಸ್ಕಾರ.

ನಾನು ದಿನವೂ ಕೆಲಸಕ್ಕೆ ಬೈಕಿನಲ್ಲಿ ಹೋಗಿಬರುತ್ತೇನೆ, ಹಿಂದಿರುಗುವಾಗ ಕತ್ತಲಾಗಿರುತ್ತದೆ. ಧೋ ಎಂದು ಸುರಿಯುವ ಮಳೆಗಿಂತ ಜಿಟಿಜಿಟಿ ಮಳೆಯೇ ನನಗೆ ಹೆಚ್ಚು ಕಷ್ಟ ಕೊಡುತ್ತಿದೆ. ವಾಹನಗಳ ಸಾಲು ನಿಧಾನವಾದ ಕೂಡಲೇ ವೈಸರಿನ ಹೊರಮೈಯಲ್ಲಿ ಸಣ್ಣ ಹನಿಗಳು ಕೂತು ಅಲುಗಾಡದೆ ನಿಲ್ಲುತ್ತವೆ, ಒಳಮೈಗೆ ಉಸಿರಿನ ಹಬೆ ಹಿಡಿಯುತ್ತದೆ, ಎದುರಿನಿಂದ ಬರುವ ಒಂದೊಂದು ಹೆಡ್‌ಲೈಟೂ ಒಡೆದು ಹತ್ತಾರು ಬೆಳಕಿನ ಚುಕ್ಕಿಗಳಾಗಿ ಕಣ್ಣು ಕುಕ್ಕುತ್ತದೆ. ವೈಸರ್ ಎತ್ತಿದರೆ ಹನಿಗಳು ಕಣ್ಣಿಗೇ ರಾಚುತ್ತವೆ. ಇಳಿಸಿದರೆ ರಸ್ತೆಯಲ್ಲಿರುವ ಗುಂಡಿ ಯಾವುದು, ನೆರಳು ಯಾವುದು ಎಂದು ತಿಳಿಯುವುದಿಲ್ಲ. ಕೈಗವಸಿನಿಂದ ಒರೆಸಿದರೆ ಹನಿ ಹೋಗಿ ಅದರ ಜಾಗದಲ್ಲಿ ಬೆಳ್ಳನೆಯ ಪೊರೆ ಉಳಿಯುತ್ತದೆ.

ಪರಿಚಿತರು ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಾರೆ: ಪಾತ್ರೆ ತೊಳೆಯುವ ಸೋಪು, ಶೇವಿಂಗ್ ಫೋಮ್, ಕತ್ತರಿಸಿದ ಆಲೂಗಡ್ಡೆ, ಟೂತ್‌ಪೇಸ್ಟ್, ಕಾರಿನ ಗಾಜಿಗೆ ಹಚ್ಚುವ ದ್ರವ. ಇವುಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ, ಯಾವುದು ವೈಸರನ್ನೇ ಹಾಳುಮಾಡುತ್ತದೆ ಎಂಬುದನ್ನು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ಕಾರಿನ ವಿಷಯದಲ್ಲೂ ಒಂದು ಸಂದೇಹವಿದೆ. ಮಳೆಯಲ್ಲಿ ಮುಂಗಾಜಿಗೆ ಮಂಜು ಹಿಡಿದರೆ ಎಸಿ ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಕೆಲವು ರಾತ್ರಿ ಎಸಿ ಹೆಚ್ಚಿಸಿದಷ್ಟೂ ಮಂಜು ದಟ್ಟವಾಗುತ್ತದೆ. ಹೀಗೇಕೆ?

ಉತ್ತರ: ಎರಡುಚಕ್ರ

ಮಳೆದಾರಿಯವರೇ, ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ. ಹೊರಗಿನ ಹನಿ ಒಂದು, ಒಳಗಿನ ಹಬೆ ಇನ್ನೊಂದು, ಎರಡೂ ಮೈಗೆ ಅಂಟಿಕೊಂಡು ಎರಡನ್ನೂ ಹೆಚ್ಚಿಸುವ ಜಿಡ್ಡು ಮತ್ತೊಂದು. ಇವನ್ನು ಬಿಡಿಸಿ ನೋಡದೆ ಉಪಾಯ ಹುಡುಕುವುದರಿಂದಲೇ ಒಬ್ಬರಿಗೆ ಫಲ ಕೊಟ್ಟದ್ದು ಮತ್ತೊಬ್ಬರಿಗೆ ಕೆಟ್ಟದ್ದಾಗಿ ಕಾಣುತ್ತದೆ. ಹೊರಮೈಯಲ್ಲಿ ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತು ಉರುಳಿಹೋಗಬೇಕು. ಒಳಮೈಯಲ್ಲಿ ಅದಕ್ಕೆ ತದ್ವಿರುದ್ಧವಾಗಿ, ಬಂದ ತೇವ ಹನಿಗಟ್ಟದೆ ತೆಳ್ಳಗೆ ಹರಡಿಕೊಳ್ಳಬೇಕು, ಏಕೆಂದರೆ ಸಮನಾಗಿ ಹರಡಿದ ನೀರಿನ ಮೂಲಕ ಬೆಳಕು ನೇರವಾಗಿ ಹಾದುಬರುತ್ತದೆ, ಹನಿಗಟ್ಟಿದ ನೀರು ಅದನ್ನು ದಿಕ್ಕಾಪಾಲು ಮಾಡುತ್ತದೆ. ಹೊರಗೆ ಹಚ್ಚುವ ನೀರು ಜಾರಿಸುವ ದ್ರವವನ್ನು ಒಳಗೂ ಹಚ್ಚಿದರೆ ಹಬೆ ಕಡಿಮೆಯಾಗುವ ಬದಲು ಇನ್ನಷ್ಟು ಬೆಳ್ಳಗೆ ಕಟ್ಟುವುದು ಇದೇ ಕಾರಣಕ್ಕೆ.

ಮೊದಲು ಜಿಡ್ಡಿನ ವಿಚಾರವನ್ನು ಮುಗಿಸಿಬಿಡೋಣ. ನೀವು ಹೇಳಿದ ಬೆಳ್ಳನೆಯ ಪೊರೆ ಅದೇ. ಮುಂದಿನ ವಾಹನಗಳ ಚಕ್ರಗಳು ಎರಚುವ ನೀರಿನಲ್ಲಿ ಡೀಸೆಲ್ ಮಸಿ, ರಸ್ತೆಯ ಮೇಲೆ ಸೋರಿದ ಎಣ್ಣೆ, ಟೈರಿನ ರಬ್ಬರಿನ ಪುಡಿ ಎಲ್ಲವೂ ಇರುತ್ತವೆ. ಬೆರಳಿನ ಬೆವರೂ ಕೈಗವಸಿನ ಕೊಳೆಯೂ ಅದಕ್ಕೆ ಸೇರಿಕೊಂಡಾಗ ನೀರು ಸರಿಯಾಗಿ ಹರಡುವುದೂ ಇಲ್ಲ, ಉರುಳುವುದೂ ಇಲ್ಲ; ಚಪ್ಪಟೆಯಾದ, ಅಂಚು ಕೆಟ್ಟ ತೇಪೆಗಳಾಗಿ ಕೂರುತ್ತದೆ. ಆದ್ದರಿಂದ ಏನನ್ನು ಹಚ್ಚುವ ಮೊದಲೂ ವೈಸರನ್ನು ಹೆಲ್ಮೆಟ್ಟಿನಿಂದ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಹಾಕಿ ತೊಳೆಯಬೇಕು. ಒಣಗಿದ ಹುಳುಗಳ ಕಲೆಯನ್ನು ಕೆರೆಯಬೇಡಿ. ಒದ್ದೆಯಾದ ಮೆತ್ತನೆಯ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹೊದಿಸಿಟ್ಟರೆ ಕಲೆ ತಾನಾಗಿ ಸಡಿಲಗೊಳ್ಳುತ್ತದೆ. ಆಮೇಲೆ ಬೆರಳಿನ ತುದಿಯಿಂದ ನೀರಿನಡಿಯಲ್ಲೇ ಜಾರಿಸಿ ತೆಗೆಯಬಹುದು. ಒಣ ವೈಸರಿನ ಮೇಲೆ ಒಣ ಬಟ್ಟೆ ಆಡಿಸುವುದೇ ಗೀರುಗಳಿಗೆ ಮುಖ್ಯ ಕಾರಣ, ಮತ್ತು ಹಗಲಿನಲ್ಲಿ ಕಾಣದ ಆ ಕೂದಲೆಳೆಯ ಗೀರುಗಳೇ ರಾತ್ರಿ ಹೆಡ್‌ಲೈಟಿನ ಸುತ್ತ ಜೇಡರ ಬಲೆಯಾಗಿ ಕಾಣುತ್ತವೆ.

ವೈಸರ್ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಎಂಬುದನ್ನು ದಯವಿಟ್ಟು ಮರೆಯಬೇಡಿ. ಪೆಟ್ಟು ತಾಳುವುದರಲ್ಲಿ ಅದು ಗಾಜಿಗಿಂತ ಬಹಳ ಗಟ್ಟಿ, ಗೀರು ತಾಳುವುದರಲ್ಲಿ ಬಹಳ ಮೃದು. ಅದಕ್ಕಾಗಿಯೇ ಹೊರಮೈಗೆ ತೆಳುವಾದ ಗಡಸು ಲೇಪವನ್ನು ಕೊಟ್ಟಿರುತ್ತಾರೆ. ಪೆಟ್ರೋಲ್, ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಇವೆಲ್ಲ ಪಾಲಿಕಾರ್ಬೊನೇಟನ್ನೋ ಅದರ ಲೇಪವನ್ನೋ ಕೆಡಿಸಿ ಸೂಕ್ಷ್ಮ ಬಿರುಕುಗಳನ್ನು ಮೂಡಿಸಬಲ್ಲವು. ಆ ಬಿರುಕುಗಳಿಂದ ನೋಟ ಕೆಡುವುದು ಮಾತ್ರವಲ್ಲ, ಪೆಟ್ಟು ಬಿದ್ದಾಗ ವೈಸರ್ ಸೀಳುವ ಸಾಧ್ಯತೆಯೂ ಹೆಚ್ಚುತ್ತದೆ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದೇ ನುಣುಪಾದ ಗಡಸು ಪುಡಿಯನ್ನು ಬೆರೆಸಿರುತ್ತಾರೆ. ಅದನ್ನು ವೈಸರಿಗೆ ತಿಕ್ಕುವುದೆಂದರೆ ಲೇಪವನ್ನು ಉಜ್ಜಿ ತೆಗೆಯುವುದೇ. ಕಾರಿನ ಗಾಜಿಗೆ ಹಚ್ಚುವ ದ್ರವಗಳಲ್ಲಿ ದ್ರಾವಕಗಳಿರುತ್ತವೆ, ಆದ್ದರಿಂದ ಶೀಶೆಯ ಮೇಲೆ ಪ್ಲಾಸ್ಟಿಕ್‌ಗೂ ಬಳಸಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಳಸಿ. ರೇನ್-ಎಕ್ಸ್‌ನಂಥ ತಯಾರಕರು ಗಾಜಿಗೇ ಒಂದು, ಪ್ಲಾಸ್ಟಿಕ್ಕಿಗೇ ಒಂದು ಎಂದು ಬೇರೆ ಬೇರೆ ಮಾಡಿರುವುದು ಇದಕ್ಕಾಗಿಯೇ.

ಇನ್ನು ಹಬೆ. ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದ್ದು, ಹೆಚ್ಚುಕಡಿಮೆ ಪೂರ್ತಿ ತೇವದಿಂದ ತುಂಬಿರುತ್ತದೆ. ಆ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಮಳೆಯಲ್ಲಿ ತಣ್ಣಗಾದ ವೈಸರ್ 24 ಡಿಗ್ರಿಯಲ್ಲಿದ್ದರೆ ಅದಕ್ಕೆ ತಾಗಿದ ಗಾಳಿ ಹಿಡಿದಿಡಬಲ್ಲದ್ದು ಸುಮಾರು 22 ಗ್ರಾಂ ಮಾತ್ರ. ಉಳಿದದ್ದು ವೈಸರಿನ ಮೇಲೆ ಇಳಿಯಲೇಬೇಕು. ಇದಕ್ಕೆ ಮೂರು ದಾರಿಗಳಿವೆ: ಉಸಿರು ವೈಸರಿಗೆ ತಾಗದಂತೆ ತಡೆಯುವುದು, ತಾಗಿದ್ದನ್ನು ಗಾಳಿಯಿಂದ ಹೊರಗೆ ಸಾಗಿಸುವುದು, ಇಲ್ಲವೇ ವೈಸರಿನ ಒಳಮೈ ತಣ್ಣಗಾಗದಂತೆ ನೋಡಿಕೊಳ್ಳುವುದು. ಹೆಲ್ಮೆಟ್ಟಿನ ಮೂಗಿನ ಬಳಿ ಸಿಕ್ಕಿಸುವ ಮೆತ್ತನೆಯ ತಡೆ ಮೊದಲನೆಯ ಕೆಲಸವನ್ನು ಮಾಡುತ್ತದೆ. ಅದನ್ನು ಬಿಚ್ಚಿ ಮೂಲೆಗಿಟ್ಟವರು ಬಹಳ ಮಂದಿ. ಗಲ್ಲದ ಬಳಿಯ ಗಾಳಿಕಿಂಡಿಯನ್ನು ತೆರೆದು, ವೈಸರನ್ನು ಮೊದಲ ಕಚ್ಚಿನಷ್ಟು ಮಾತ್ರ ಎತ್ತಿದರೆ ಎರಡನೆಯದು ಆಗುತ್ತದೆ, ಆದರೆ ಬೈಕು ಸಾಗುತ್ತಿರುವವರೆಗೆ ಮಾತ್ರ.

ಮೂರನೆಯದಕ್ಕೆ ಪಿನ್‌ಲಾಕ್ ಎಂಬ ಒಳಪದರವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ನಿಮ್ಮಂತೆ ನಿಧಾನವಾದ ಸಾಲಿನಲ್ಲಿ ದಿನವೂ ಸಾಗುವವರಿಗೆ ಇದರಷ್ಟು ಭರವಸೆಯ ಪರಿಹಾರ ಬೇರೊಂದಿಲ್ಲ. ವೈಸರಿನ ಎರಡು ತುದಿಗಳಲ್ಲಿರುವ ಗೂಟಗಳ ನಡುವೆ ಈ ತೆಳುಪದರ ಬಾಗಿ ಕೂರುತ್ತದೆ. ಅದರ ಸುತ್ತಲಿನ ಸಿಲಿಕೋನ್ ಅಂಚು ವೈಸರಿಗೆ ಒತ್ತಿಕೊಂಡು ನಡುವೆ ಗಾಳಿಯನ್ನು ಸೆರೆಹಿಡಿಯುತ್ತದೆ. ಹೊರಗಿನ ತಂಪು ಆ ಗಾಳಿಯನ್ನು ದಾಟಿ ಒಳಪದರಕ್ಕೆ ಸುಲಭವಾಗಿ ಬರುವುದಿಲ್ಲ, ಬಂದರೂ ಆ ಪದರ ತಾನೇ ಒಂದಷ್ಟು ತೇವವನ್ನು ಹೀರಿಕೊಳ್ಳುತ್ತದೆ. ನಿಮ್ಮ ವೈಸರಿನಲ್ಲಿ ಆ ಗೂಟಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ, ಏಕೆಂದರೆ ಎಲ್ಲ ವೈಸರುಗಳಿಗೂ ಇದು ಹೊಂದುವುದಿಲ್ಲ.

ಪಾತ್ರೆ ತೊಳೆಯುವ ಸೋಪು, ಶೇವಿಂಗ್ ಫೋಮ್, ಆಲೂಗಡ್ಡೆ ಮೂರೂ ಒಳಮೈಗೆ ಹೇಳಿದ ಉಪಾಯಗಳು. ಸೋಪು ಮತ್ತು ಫೋಮ್ ನೀರಿನ ಮೇಲ್ಮೈ ಬಿಗಿತವನ್ನು ತಗ್ಗಿಸಿ ಅದನ್ನು ಹರಡಿಸುತ್ತವೆ. ಬಹಳ ತೆಳ್ಳಗೆ ಸವರಿ, ಪೂರ್ತಿ ತಿಳಿಯಾಗುವವರೆಗೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಒಂದು ಪ್ರಯಾಣಕ್ಕೆ ಸಾಕಾಗಬಹುದು; ದಪ್ಪವಾಗಿ ಬಿಟ್ಟರೆ ತೇವ ಹೆಚ್ಚಿದಾಗ ಕರಗಿ ಇಳಿದು ಕಣ್ಣು ಉರಿಯುತ್ತದೆ. ಒಳಮೈಗೆ ಕಾರ್ಖಾನೆಯಲ್ಲೇ ಹಬೆ ತಡೆಯುವ ಲೇಪ ಕೊಟ್ಟಿದ್ದರೆ, ಅಥವಾ ಪಿನ್‌ಲಾಕ್ ಹಾಕಿದ್ದರೆ, ಅದರ ಮೇಲೆ ಇವುಗಳಲ್ಲಿ ಯಾವುದನ್ನೂ ಹಚ್ಚಬಾರದು. ಆಲೂಗಡ್ಡೆಯ ಪಿಷ್ಟವೂ ತುಸು ಹೊತ್ತು ಇದೇ ಕೆಲಸವನ್ನು ಮಾಡುತ್ತದೆ, ಆದರೆ ಒಣಗಿದಾಗ ತಾನೇ ಒಂದು ಪೊರೆಯಾಗುತ್ತದೆ.

ಉತ್ತರ: ರಾತ್ರಿಪಾಳಿ

ಎರಡುಚಕ್ರ ಅವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಹೊರಮೈಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ನೀರು ಜಾರಿಸುವ ಲೇಪ ತಾನಾಗಿ ವೈಸರನ್ನು ಒಣಗಿಸುವುದಿಲ್ಲ. ಅದು ನೀರನ್ನು ಹನಿಯಾಗಿ ಕೂಡಿಸುತ್ತದೆ, ಆ ಹನಿಯನ್ನು ಓಡಿಸುವುದು ಎದುರುಗಾಳಿ. ವೇಗವಾಗಿ ಸಾಗುವ ಹೆದ್ದಾರಿಯಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಆದರೆ ಮಳೆದಾರಿಯವರು ಹೇಳಿರುವ ನಿಧಾನವಾದ ಸಾಲಿನಲ್ಲಿ, ಜಿಟಿಜಿಟಿ ಮಳೆಯಲ್ಲಿ, ಅದೇ ಲೇಪದಿಂದಾಗಿ ಹನಿಗಳು ಗುಂಡಗೆ ನಿಂತು ಒಂದೊಂದೂ ಒಂದು ಪುಟ್ಟ ಮಸೂರವಾಗಿ ಹೆಡ್‌ಲೈಟನ್ನು ಕಣ್ಣಿಗೆ ಹಾಯಿಸುತ್ತದೆ. ಆದ್ದರಿಂದ ಪೇಟೆಯೊಳಗೆ ರಾತ್ರಿ ಓಡಿಸುವವರು ಇಂಥ ಲೇಪದಿಂದ ಹೆಚ್ಚು ನಿರೀಕ್ಷಿಸದೆ, ವೈಸರನ್ನು ಜಿಡ್ಡಿಲ್ಲದಂತೆ ಇಟ್ಟುಕೊಂಡು ಎಡಗೈ ತೋರುಬೆರಳಿನಿಂದ ಒರೆಸಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ನಿಲುವು. ಮಳೆಗೆಂದು ಮಾಡಿದ ಕೆಲವು ಕೈಗವಸುಗಳ ಎಡ ಬೆರಳಿನ ಮೇಲೆ ತೆಳ್ಳನೆಯ ರಬ್ಬರ್ ಪಟ್ಟಿ ಇರುತ್ತದೆ. ಬಟ್ಟೆ ಬಳಿಯುವ ಪೊರೆಯನ್ನು ಅದು ಬಳಿಯುವುದಿಲ್ಲ. ಒರೆಸುವಾಗ ಒತ್ತಬೇಡಿ, ಮತ್ತು ವೈಸರ್ ಚೆನ್ನಾಗಿ ಒದ್ದೆಯಾಗಿರುವಾಗ ಮಾತ್ರ ಒರೆಸಿ.

ಸಾಗುತ್ತಿರುವಾಗ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತುಸುವೇ ಓರೆ ಮಾಡಿದರೆ ಗಾಳಿ ವೈಸರಿನ ಉದ್ದಕ್ಕೂ ಬೀಸಿ ಹನಿಗಳನ್ನು ಅಂಚಿಗೆ ತಳ್ಳುತ್ತದೆ. ರಸ್ತೆಯ ಮೇಲಿನ ದೃಷ್ಟಿ ಕದಲದಷ್ಟು ಓರೆ ಸಾಕು.

ಬಣ್ಣದ ವೈಸರ್ ಬಗ್ಗೆ ಯಾರೂ ಹೇಳಲಿಲ್ಲ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 22ನೇ ನಿಯಮದ ಪ್ರಕಾರ, ಶೇ. 80ಕ್ಕಿಂತ ಕಡಿಮೆ ಬೆಳಕನ್ನು ಒಳಬಿಡುವ ವೈಸರಿನ ಮೇಲೆ ಅದು ಹಗಲಿನ ಬಳಕೆಗೆ ಮಾತ್ರ ಎಂಬ ಗುರುತು ಇರಬೇಕು. ಮಳೆಯ ಸಂಜೆಗೂ ಅದು ತಕ್ಕದ್ದಲ್ಲ. ಒಂದೇ ವೈಸರ್ ಕೊಳ್ಳುವುದಾದರೆ ಬಣ್ಣವಿಲ್ಲದ್ದನ್ನೇ ಕೊಳ್ಳಿ, ಮತ್ತು ಗೀರುಗಳು ಕಣ್ಣಿಗೆ ಬೀಳತೊಡಗಿದಾಗ ಪಾಲಿಶ್ ಮಾಡಿಸುವ ಯೋಚನೆ ಬಿಟ್ಟು ಹೊಸದನ್ನು ಹಾಕಿಸಿ.

ಉತ್ತರ: ಗ್ಯಾರೇಜ್ ಕೆಲಸ

ಕಾರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಎಸಿ ಹೆಚ್ಚಿಸಿದಷ್ಟೂ ಮಂಜು ಹೆಚ್ಚುತ್ತಿದ್ದರೆ, ಆ ಮಂಜು ಗಾಜಿನ ಹೊರಗಿದೆ ಎಂದು ಅರ್ಥ. ಒಳಗಿನಿಂದ ಬೆರಳಾಡಿಸಿ ನೋಡಿ. ಗೆರೆ ಮೂಡದಿದ್ದರೆ ಖಚಿತವಾಯಿತು. ಮಳೆ ನಿಂತ ಸೆಕೆಯ ರಾತ್ರಿ ಹೊರಗೆ 30 ಡಿಗ್ರಿ ಶಾಖ, ಶೇ. 90ರಷ್ಟು ತೇವ ಇದೆಯೆಂದು ಇಟ್ಟುಕೊಳ್ಳಿ. ಅಂಥ ಗಾಳಿ ಸುಮಾರು 28 ಡಿಗ್ರಿಗೆ ತಣಿದ ಕೂಡಲೇ ನೀರನ್ನು ಬಿಟ್ಟುಕೊಡುತ್ತದೆ. ನೀವು ಎಸಿಯ ತಣ್ಣನೆಯ ಗಾಳಿಯನ್ನು ನೇರವಾಗಿ ಮುಂಗಾಜಿಗೆ ಹಾಯಿಸಿದರೆ ಗಾಜು ಅದಕ್ಕಿಂತಲೂ ತಣ್ಣಗಾಗಿ, ಹೊರಗಿನ ಗಾಳಿಯ ತೇವವನ್ನೆಲ್ಲ ತನ್ನ ಮೇಲೆ ಇಳಿಸಿಕೊಳ್ಳುತ್ತದೆ. ಆಗ ವೈಪರನ್ನು ಒಮ್ಮೆ ಓಡಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೋ ಕಾಲಿನ ಕಡೆಗೋ ತಿರುಗಿಸಿ, ಎಸಿಯ ಶಾಖದ ಗುಂಡಿಯನ್ನು ತುಸು ಮೇಲಕ್ಕೆ ಇಡಿ.

ಮಂಜು ಒಳಗಿದ್ದರೆ ಮಾತ್ರ ಎಲ್ಲರೂ ಹೇಳುವ ಮಾತು ಸರಿ. ಒದ್ದೆ ಬಟ್ಟೆಯಲ್ಲಿ ನಾಲ್ಕು ಜನ ಕೂತರೆ ಅವರ ಉಸಿರು, ಬಟ್ಟೆ, ಕಾಲಡಿಯ ಮ್ಯಾಟು ಎಲ್ಲವೂ ತೇವ ಬಿಡುತ್ತಲೇ ಇರುತ್ತವೆ. ಎಸಿ ಗಾಳಿಯನ್ನು ತಣಿಸುವಾಗ ಅದರಲ್ಲಿನ ನೀರು ಒಳಗಿನ ಕಾಯಿಲಿನ ಮೇಲೆ ಇಳಿದು ಕಾರಿನಡಿಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ಕಾಣುವ ನೀರು ಅದೇ. ಹೀಗೆ ಒಣಗಿದ ಗಾಳಿಯನ್ನೇ ಹೀಟರಿನಿಂದ ಬೆಚ್ಚಗೆ ಮಾಡಿ ಗಾಜಿಗೆ ಬಿಟ್ಟರೆ ಅದು ಮಂಜನ್ನು ಬಲುಬೇಗ ಹೀರಿಕೊಳ್ಳುತ್ತದೆ, ಆದ್ದರಿಂದ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕುವುದರಲ್ಲಿ ವಿರೋಧವೇನೂ ಇಲ್ಲ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಫ್ ಮಾಡಿ ಹೊರಗಿನ ಗಾಳಿಗೆ ದಾರಿ ಬಿಡಿ. ಇಷ್ಟಾದರೂ ಪ್ರತಿದಿನ ಬೆಳಗ್ಗೆ ಒಳಗೆ ಮಂಜು ಕಟ್ಟುತ್ತಿದ್ದರೆ ಮ್ಯಾಟನ್ನು ಎತ್ತಿ ಅದರಡಿಯ ಕಾರ್ಪೆಟ್ಟನ್ನು ಒತ್ತಿ ನೋಡಿ. ಮುಂಗಾಜಿನ ಬುಡದಲ್ಲಿ ಎಲೆ ಕಸ ತುಂಬಿ ನೀರು ಹರಿಯುವ ದಾರಿ ಕಟ್ಟಿಕೊಂಡು, ಅದು ಒಳಗೆ ಇಳಿಯುತ್ತಿರುವುದು ಅಪರೂಪವೇನಲ್ಲ.

ಗಾಜಿನ ಒಳಮೈಗೂ ಸೋಪು ನೀರು ಬೇಕು. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಡುವ ಆವಿ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂರುತ್ತದೆ, ಮತ್ತು ಆ ಪೊರೆಯ ಮೇಲೆ ಹಬೆ ಬಹಳ ಬೇಗ ಹನಿಗಟ್ಟುತ್ತದೆ. ಹೊರಮೈ ಶುದ್ಧವಾಗಿದೆಯೇ ಎಂದು ತಿಳಿಯಲು ತೊಳೆದ ಮೇಲೆ ಒಂದು ಚೊಂಬು ನೀರು ಸುರಿಯಿರಿ: ಶುದ್ಧವಾದ ಗಾಜಿನ ಮೇಲೆ ನೀರು ಒಂದೇ ಹಾಳೆಯಾಗಿ ಇಳಿಯುತ್ತದೆ, ಜಿಡ್ಡಿರುವ ಕಡೆ ಆ ಹಾಳೆ ಒಡೆದು ಬಿಡಿಬಿಡಿಯಾಗುತ್ತದೆ. ಸೋಪಿಗೂ ಬಗ್ಗದ ಜಿಡ್ಡಿಗೆ ಸೀರಿಯಂ ಆಕ್ಸೈಡ್ ಇರುವ ಗಾಜಿನ ಪಾಲಿಶ್ ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಗಾಜಿಗೆ ಮಾತ್ರ, ವೈಸರಿಗೆ ಖಂಡಿತ ಬೇಡ.

ವೈಪರ್ ಬಿಡುವ ಗುರುತನ್ನು ನೋಡಿದರೇ ಅರ್ಧ ರೋಗ ತಿಳಿಯುತ್ತದೆ. ಒಂದೇ ಜಾಗದಲ್ಲಿ ಸಣ್ಣ ಗೆರೆ ಉಳಿದರೆ ಅಲ್ಲಿ ರಬ್ಬರ್ ಕಚ್ಚುಬಿದ್ದಿದೆ ಅಥವಾ ಕಸ ಸಿಕ್ಕಿದೆ. ಅಗಲವಾದ ಪಟ್ಟಿ ಒರೆಸದೆ ಉಳಿದರೆ ರಬ್ಬರ್ ಗಟ್ಟಿಯಾಗಿದೆ ಅಥವಾ ತೋಳಿನ ಸ್ಪ್ರಿಂಗಿನ ಒತ್ತಡ ಸಾಲದು. ಒಂದು ಕಡೆಗೆ ಹೋಗುವಾಗ ಮಾತ್ರ ಗಡಗಡ ಕುಪ್ಪಳಿಸಿದರೆ ತೋಳು ತಿರುಚಿಕೊಂಡಿರಬಹುದು, ಏಕೆಂದರೆ ರಬ್ಬರಿನ ತುದಿ ಪ್ರತಿ ತಿರುವಿನಲ್ಲೂ ಆ ಕಡೆಯಿಂದ ಈ ಕಡೆಗೆ ಮಗುಚಿಕೊಳ್ಳಬೇಕು. ಒದ್ದೆ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು ರಬ್ಬರಿನ ಉದ್ದಕ್ಕೂ ಎಳೆಯಿರಿ. ಮೊದಲು ಕಾಡಿಗೆಯಂತೆ ಕಪ್ಪು ಬರುತ್ತದೆ, ಕಡಿಮೆಯಾಗುವವರೆಗೆ ಎಳೆಯುತ್ತಿರಿ. ಬಹಳಷ್ಟು ಸಲ ಹೊಸ ವೈಪರ್ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಮತ್ತೆ ಕೇಳುತ್ತಿರುವುದು: ಮಳೆದಾರಿ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ವೈಸರಿನಲ್ಲಿ ಗೂಟಗಳಿವೆ, ಆದ್ದರಿಂದ ಪಿನ್‌ಲಾಕ್ ಹಾಕಿಸಬೇಕೆಂದಿದ್ದೇನೆ. ಆದರೆ ಅದನ್ನು ಬಳಸುತ್ತಿರುವ ಸಹೋದ್ಯೋಗಿಯೊಬ್ಬರ ಹೆಲ್ಮೆಟ್ಟಿನಲ್ಲಿ ಎರಡು ಪದರಗಳ ನಡುವೆಯೇ ಮಂಜು ಕಟ್ಟಿರುವುದನ್ನು ನೋಡಿದೆ. ಅಲ್ಲಿಗೆ ಕೈಯೂ ಹೋಗುವುದಿಲ್ಲ. ಇದಲ್ಲದೆ ನಾನು ಕನ್ನಡಕ ಹಾಕುವವನು. ವೈಸರ್ ತಿಳಿಯಾದರೂ ಕನ್ನಡಕಕ್ಕೆ ಹಬೆ ಹಿಡಿದರೆ ಪ್ರಯೋಜನವೇನು?

ಉತ್ತರ: ಎರಡುಚಕ್ರ

ನಡುವೆ ಮಂಜು ಕಟ್ಟಿದೆಯೆಂದರೆ ಸಿಲಿಕೋನ್ ಅಂಚು ಎಲ್ಲೋ ವೈಸರಿಗೆ ಒತ್ತಿಕೊಂಡಿಲ್ಲ. ವೈಸರಿನ ಗೂಟಗಳ ನಡುಭಾಗ ಒಂದು ಬದಿಗೆ ಸರಿದಿರುವಂತೆ ಮಾಡಿರುತ್ತಾರೆ, ಆದ್ದರಿಂದ ಗೂಟವನ್ನು ತಿರುಗಿಸಿದರೆ ಒಳಪದರದ ಬಿಗಿ ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ. ಎರಡನ್ನೂ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ, ಬೆಳಕಿಗೆ ಹಿಡಿದು ಅಂಚು ಸುತ್ತಲೂ ಒಂದೇ ದಪ್ಪದ ಗೆರೆಯಾಗಿ ಕಾಣುವವರೆಗೆ ಬಿಗಿ ಮಾಡಬೇಕು. ಹಾಕುವ ಮೊದಲು ವೈಸರೂ ಪದರವೂ ಪೂರ್ತಿ ಒಣಗಿರಬೇಕು. ವೈಸರನ್ನು ಎರಡೂ ಕೈಯಿಂದ ಚಪ್ಪಟೆಯಾಗಿ ಅಗಲಿಸಿ ಹಿಡಿದು, ಪದರವನ್ನು ಗೂಟಗಳ ನಡುವೆ ಕೂರಿಸಿ, ಮೆಲ್ಲನೆ ಬಿಟ್ಟರೆ ವೈಸರ್ ತನ್ನ ಬಾಗಿಗೆ ಮರಳುವಾಗ ಪದರವನ್ನು ತಾನೇ ಅಪ್ಪಿಕೊಳ್ಳುತ್ತದೆ. ಸವಾರನ ಕಡೆಯ ರಕ್ಷಣಾ ಹಾಳೆಯನ್ನು ಕೂರಿಸಿದ ಮೇಲೆಯೇ ಸುಲಿಯಿರಿ. ಆ ಪದರ ಒದ್ದೆಯಾಗಿರುವಾಗ ಬಹಳ ಮೆತ್ತಗಿರುತ್ತದೆ, ಹಾಗಾಗಿ ಎಂದೂ ಉಜ್ಜಿ ಒರೆಸದೆ ನೀರಿನಲ್ಲಿ ಅದ್ದಿ ತೊಳೆದು ನೆರಳಿನಲ್ಲಿ ತಾನಾಗಿ ಒಣಗಲು ಬಿಡಬೇಕು.

ಕನ್ನಡಕಕ್ಕೆ ಪಿನ್‌ಲಾಕಿನಿಂದ ಸಹಾಯವಿಲ್ಲ, ಅಲ್ಲಿ ಮೂಗಿನ ತಡೆಯೇ ಮುಖ್ಯ. ಉಸಿರು ಮೇಲಕ್ಕೆ ಬರದೆ ಗಲ್ಲದ ಕಡೆಗೆ ಇಳಿಯುವಂತೆ ಅದನ್ನು ಮೂಗಿನ ಮೇಲೆ ಬಿಗಿಯಾಗಿ ಕೂರಿಸಿ. ಗಲ್ಲದ ಕೆಳಗಿನ ಬಟ್ಟೆಯ ಪರದೆಯನ್ನು ಮಳೆಗಾಲದಲ್ಲಿ ತೆಗೆದಿಟ್ಟರೆ ಆ ಉಸಿರಿಗೆ ಹೊರಗೆ ಹೋಗಲು ದಾರಿಯೂ ಸಿಗುತ್ತದೆ. ಕನ್ನಡಕದ ಮಸೂರಕ್ಕೆಂದೇ ಮಾಡಿದ ಹಬೆ ತಡೆಯುವ ದ್ರವವನ್ನು ಹೊರಡುವ ಮೊದಲು ಹಚ್ಚಿಕೊಳ್ಳಿ. ಸಿಗ್ನಲ್ಲಿನಲ್ಲಿ ಬೈಕು ನಿಲ್ಲುವ ಮುಂಚೆಯೇ ವೈಸರನ್ನು ಒಂದು ಕಚ್ಚು ಎತ್ತುವುದನ್ನು ರೂಢಿ ಮಾಡಿಕೊಳ್ಳಿ, ಏಕೆಂದರೆ ನಿಂತ ಮೇಲೆ ಎತ್ತುವ ಹೊತ್ತಿಗೆ ಹಬೆ ಕಟ್ಟಿಯಾಗಿರುತ್ತದೆ, ಕಟ್ಟಿದ ಹಬೆ ಬೈಕು ಮತ್ತೆ ವೇಗ ಹಿಡಿಯುವವರೆಗೆ ಆರುವುದಿಲ್ಲ.

ಉತ್ತರ: ರಾತ್ರಿಪಾಳಿ

ನಿಮ್ಮ ಬೈಕಿಗೆ ವಿಂಡ್‌ಸ್ಕ್ರೀನ್ ಇದೆಯೇ ಎಂದು ನೀವು ಹೇಳಿಲ್ಲ. ಇದ್ದರೆ ಅದರ ಎತ್ತರವನ್ನೂ ನೋಡಿಕೊಳ್ಳಿ. ಸೀಟಿನಲ್ಲಿ ನೆಟ್ಟಗೆ ಕೂತು ರಸ್ತೆಯನ್ನು ನೋಡುವಾಗ ದೃಷ್ಟಿ ಅದರ ಮೇಲಂಚಿನ ಮೇಲಿನಿಂದ ಹಾಯಬೇಕು. ಬೈಕಿನ ವಿಂಡ್‌ಸ್ಕ್ರೀನಿಗೆ ವೈಪರ್ ಇರುವುದು ತೀರಾ ಅಪರೂಪವಾದ್ದರಿಂದ, ಅದರ ಮೂಲಕ ನೋಡುವವರು ಮಳೆಯಲ್ಲಿ ಒದ್ದೆಯಾದ ಎರಡು ಮೈಗಳನ್ನು ದಾಟಿ ನೋಡಬೇಕಾಗುತ್ತದೆ. ಇನ್ನೊಂದು ವಿಷಯ: ಎತ್ತರದ ಸ್ಕ್ರೀನಿನ ಹಿಂದೆ ಗಾಳಿ ಮಂದವಾಗುವುದರಿಂದ ವೈಸರಿನ ಹನಿಗಳು ವೇಗದಲ್ಲೂ ಉರುಳುವುದಿಲ್ಲ, ಗಲ್ಲದ ಕಿಂಡಿಗೆ ಗಾಳಿಯೂ ಸಾಲುವುದಿಲ್ಲ. ಎತ್ತರ ಬದಲಿಸುವ ಅನುಕೂಲವಿದ್ದರೆ ಮಳೆಯಲ್ಲಿ ಒಂದು ಹಂತ ಕೆಳಗೆ ಇಳಿಸಿ ನೋಡಿ. ಎದೆಗೆ ತುಸು ಹೆಚ್ಚು ನೀರು ಬಡಿಯುತ್ತದೆ, ಆದರೆ ಮಳೆಕೋಟು ಅದನ್ನು ತಡೆಯುತ್ತದೆ.